ಆಫೀಸು, ಬೆಟ್ಟ, ಮಳೆಗಾಲ: ಮೂರಕ್ಕೂ ಒಂದೇ ಬ್ಯಾಗ್ ಸಾಕಾ?

ಪ್ರಶ್ನೆ: ನಾನು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುತ್ತೇನೆ. ದಿನಾ ಲ್ಯಾಪ್‌ಟಾಪ್ ಹೊತ್ತು ಮೆಟ್ರೋದಲ್ಲಿ ಓಡಾಟ. ರಜೆ ಸಿಕ್ಕಾಗಲೆಲ್ಲ ಗೆಳತಿಯರ ಜೊತೆ ಚಾರಣಕ್ಕೆ ಹೋಗುತ್ತೇನೆ. ಅಪ್ಪ, ಅಮ್ಮ ಕೊಡಗಿನ ಸೋಮವಾರಪೇಟೆ ಕಡೆಯ ಹಳ್ಳಿಯಲ್ಲಿದ್ದಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿಯುವ ಭಯಕ್ಕೆ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ನೆಂಟರ ಮನೆಗೆ ಹೋಗಬೇಕಾಯಿತು. ಅವತ್ತಿನಿಂದ ಒಂದು ತುರ್ತು ಬ್ಯಾಗ್ ಸಿದ್ಧವಾಗಿರಬೇಕು ಅನ್ನೋದು ತಲೆಯಲ್ಲಿದೆ. ಆನ್‌ಲೈನ್‌ನಲ್ಲಿ ಮಿಲಿಟರಿ ಥರದ 45 ಲೀಟರಿನ 'ಟ್ಯಾಕ್ಟಿಕಲ್' ಬ್ಯಾಗ್ ನೋಡಿಟ್ಟಿದ್ದೇನೆ. ಮೂರೂ ಕೆಲಸಕ್ಕೆ ಅದೊಂದೇ ಸಾಕಾ? ನನ್ನ ಎತ್ತರ 5 ಅಡಿ 3 ಇಂಚು, ತೂಕ 56 ಕೆಜಿ. ಬಜೆಟ್ 6,000 ರೂಪಾಯಿ. ಈಗಿರುವ ಆಫೀಸ್ ಬ್ಯಾಗಿನ ಜಿಪ್ ಕೆಟ್ಟಿದೆ.

ಉತ್ತರ: ಸಾಲದು. ಹಾಗಂತ ಮೂರು ಹೊಸ ಬ್ಯಾಗ್ ಕೊಳ್ಳಬೇಕಾಗಿಯೂ ಇಲ್ಲ. ನೀವು ಕೊಳ್ಳಬೇಕಾದ್ದು ಒಂದೇ, ಚಾರಣದ ಬ್ಯಾಗ್. ಆಫೀಸಿನದನ್ನು ರಿಪೇರಿ ಮಾಡಿಸಿ. ಊರಿನ ತುರ್ತು ಬ್ಯಾಗಿಗೆ ಮನೆಯಲ್ಲಿ ಬಿದ್ದಿರುವ ಹಳೇ ಕಾಲೇಜು ಬ್ಯಾಗೇ ಸಾಕು. ಅಲ್ಲಿ ದುಡ್ಡು ಹೋಗಬೇಕಾದ್ದು ಒಳಗಿನ ಸಾಮಾನಿಗೆ.

ಒಂದೇ ಬ್ಯಾಗ್ ಯಾಕೆ ಆಗುವುದಿಲ್ಲ ಅಂದರೆ, ತುರ್ತು ಬ್ಯಾಗಿನ ಬೆಲೆ ಇರೋದೇ ಅದು ತುಂಬಿಟ್ಟಿರುವುದರಲ್ಲಿ. ನೀವು ಅದನ್ನೇ ಶನಿವಾರ ಕುಮಾರಪರ್ವತಕ್ಕೆ ಹೊತ್ತುಕೊಂಡು ಹೋದರೆ ಭಾನುವಾರ ರಾತ್ರಿ ಅದರಲ್ಲಿ ಇರೋದು ಒದ್ದೆ ಸಾಕ್ಸು ಮತ್ತು ಅರ್ಧ ತಿಂದ ಚಿಕ್ಕಿ. ಸೋಮವಾರ ಲ್ಯಾಪ್‌ಟಾಪ್ ತುಂಬುವಾಗ ಟಾರ್ಚು, ಮಾತ್ರೆ ಎಲ್ಲ ಮೇಜಿನ ಮೇಲೆ ಬರುತ್ತವೆ, ಅಲ್ಲೇ ಉಳಿಯುತ್ತವೆ. ನಿಮ್ಮ ವಿಷಯದಲ್ಲಿ ಇನ್ನೂ ಸರಳವಾದ ತೊಂದರೆ ಇದೆ. ಬ್ಯಾಗ್ ನಿಮ್ಮ ಬೆನ್ನ ಮೇಲೆ ವೈಟ್‌ಫೀಲ್ಡ್‌ನಲ್ಲಿರುತ್ತದೆ, ಅದು ಬೇಕಾದವರು 200 ಕಿಲೋಮೀಟರಿಗೂ ಆಚೆ ಇರುತ್ತಾರೆ.

ಇನ್ನು ಆ ಟ್ಯಾಕ್ಟಿಕಲ್ ಬ್ಯಾಗ್. ಅದರ ಹೊರಮೈ ತುಂಬ ಅಡ್ಡಡ್ಡ ಪಟ್ಟಿ ಹೊಲಿದಿರುತ್ತಾರಲ್ಲ, ಅದಕ್ಕೆ ಮೋಲಿ ಅಂತಾರೆ. ಒಂದಿಂಚು ಅಗಲದ ಪಟ್ಟಿ, ಮಧ್ಯೆ ಒಂದಿಂಚು ಜಾಗ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಸೇನೆ ಈ ಪದ್ಧತಿ ತಂದಿತು. ಸೈನಿಕರು ಗುಂಡಿನ ಪೌಚು, ಔಷಧಿ ಪೌಚುಗಳನ್ನು ತಮ್ಮ ಕೆಲಸಕ್ಕೆ ತಕ್ಕಂತೆ ಅದಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ನಿಮಗೆ ಸಿಕ್ಕಿಸಲು ಏನೂ ಇಲ್ಲ. ಆದರೆ ಆ ಪಟ್ಟಿಗಳ ತೂಕ ನೀವು ಹೊರಬೇಕು, ಬೆಳಗಿನ ಮೆಟ್ರೋದಲ್ಲಿ ಪಕ್ಕದವರ ಬ್ಯಾಗಿನ ಬಕಲ್ ಅದಕ್ಕೆ ಸಿಕ್ಕಿಕೊಂಡಾಗ ಬಿಡಿಸಬೇಕು, ಕಾಡಿನಲ್ಲಿ ಮುಳ್ಳಿನ ಕೊಂಬೆಯಿಂದ ಎಳೆದುಕೊಳ್ಳಬೇಕು. ಇಂಥ ಬ್ಯಾಗ್‌ಗಳು ಖಾಲಿ ಇದ್ದಾಗಲೇ ಒಂದೂವರೆ ಕೆಜಿ ತೂಗುವುದು ಮಾಮೂಲು. ಜಾಸ್ತಿ ತೊಂದರೆ ಸೊಂಟದ ಪಟ್ಟಿಯದು. ಅಗ್ಗದ ಟ್ಯಾಕ್ಟಿಕಲ್ ಬ್ಯಾಗ್‌ಗಳಲ್ಲಿ ಅದು ತೆಳ್ಳಗಿನ ನವಾರಿನ ಪಟ್ಟಿ ಮಾತ್ರ, ಭಾರ ತಡೆಯುವುದಿಲ್ಲ.

ಸೇನೆಯ ಬಟ್ಟೆಯ ಬಣ್ಣ, ಚಿತ್ತಾರ ಇರುವುದನ್ನಂತೂ ಬಿಡಿ. ಭಾರತೀಯ ಸೇನೆ 2022ರ ಜನವರಿಯಲ್ಲಿ ಹೊಸ ಸಮವಸ್ತ್ರ ತಂದ ಮೇಲೆ ಅದರ ಚಿತ್ತಾರವನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ. ಅದನ್ನು ಹೋಲುವ ಬ್ಯಾಗ್ ಹಾಕಿಕೊಂಡು ಚೆಕ್‌ಪೋಸ್ಟ್‌ನಲ್ಲಿ ಸುಮ್ನೆ ಯಾಕೆ ಪ್ರಶ್ನೆ ಕೇಳಿಸಿಕೊಳ್ಳಬೇಕು? ಅಲ್ಲದೆ ಮಂಜು ಮುಸುಕಿದ ಹುಲ್ಲುಗಾವಲಿನಲ್ಲಿ ಹಿಂದೆ ಬಿದ್ದವರನ್ನು ಹುಡುಕುವಾಗ ನಮಗೆ ಬೇಕಾದ್ದು ಕಣ್ಣಿಗೆ ಹೊಡೆಯುವ ಕಿತ್ತಳೆಯೋ ಕೆಂಪೋ. ಕಾಡಿನಲ್ಲಿ ಅಡಗಬೇಕಾದ ಅಗತ್ಯ ನಿಮಗಿಲ್ಲ.

ಬೆನ್ನಿನ ಅಳತೆ ಮೊದಲು, ಲೀಟರ್ ಆಮೇಲೆ

ಬ್ಯಾಗ್ ಕೊಳ್ಳುವಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ "ಎಷ್ಟು ಲೀಟರ್?" ಅಂತ. ನಾನು ಮೊದಲು ಕೇಳೋದು ಬೆನ್ನು ಎಷ್ಟು ಉದ್ದ ಅಂತ. ಎತ್ತರಕ್ಕೂ ಬೆನ್ನಿನ ಉದ್ದಕ್ಕೂ ನೇರ ಸಂಬಂಧ ಇಲ್ಲ. 5 ಅಡಿ 3 ಇಂಚಿನ ಇಬ್ಬರಲ್ಲಿ ಒಬ್ಬರದು ಉದ್ದ ಕಾಲು, ಗಿಡ್ಡ ಬೆನ್ನು. ಇನ್ನೊಬ್ಬರದು ಅದರ ತಿರುಗಮುರುಗ.

ಅಳೆಯುವುದು ಸುಲಭ. ಟೈಲರ್ ಟೇಪ್ ತಗೊಳ್ಳಿ, ಒಬ್ಬ ಗೆಳತಿಯನ್ನು ಕರೆಯಿರಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕೈಗೆ ಸಿಗುತ್ತದೆ. ಅದು ಮೇಲಿನ ಗುರುತು. ಈಗ ಎರಡೂ ಕೈಯನ್ನು ಸೊಂಟದ ಮೂಳೆಯ ಮೇಲಂಚಿನ ಮೇಲೆ, ಹೆಬ್ಬೆರಳು ಹಿಂದಕ್ಕೆ ಬರುವಂತೆ ಇಡಿ. ಎರಡು ಹೆಬ್ಬೆರಳನ್ನು ಸೇರಿಸುವ ಗೆರೆ ಬೆನ್ನೆಲುಬನ್ನು ದಾಟುವ ಜಾಗ ಕೆಳಗಿನ ಗುರುತು. ನೆಟ್ಟಗೆ ನಿಂತು, ಬೆನ್ನಿನ ಬಾಗಿಗೆ ಅಂಟಿಸಿಕೊಂಡಂತೆ ಟೇಪ್ ಹಿಡಿದು ಅಳೆಯಿರಿ. ದೊಡ್ಡವರಲ್ಲಿ ಇದು ಹೆಚ್ಚಾಗಿ 40ರಿಂದ 53 ಸೆಂಟಿಮೀಟರ್ ಒಳಗೆ ಬರುತ್ತದೆ. ಒಳ್ಳೆಯ ಚಾರಣದ ಬ್ಯಾಗ್‌ಗಳಲ್ಲಿ ಯಾವ ಅಳತೆಗೆ ಯಾವ ಸೈಜು ಅಂತ ಬರೆದಿರುತ್ತಾರೆ, ಇಲ್ಲವೇ ಹೆಗಲ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ ಹೊಂದಿಸುವ ವ್ಯವಸ್ಥೆ ಇರುತ್ತದೆ. ನಿಮಗೆ ಈ ಎರಡನೆಯದು ಒಳ್ಳೆಯದು.

ಯಾಕಿಷ್ಟು ಒತ್ತಿ ಹೇಳುತ್ತೇನೆ ಅಂದರೆ ಭಾರ ಕೂರಬೇಕಾದ್ದು ಸೊಂಟದ ಮೇಲೆ. ನೀರು ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ಬರುವವರನ್ನು ನೋಡಿದ್ದೀರಲ್ಲ, ಆ ಮೂಳೆಯೇ ನಮ್ಮ ಮೈಯಲ್ಲಿ ಭಾರ ಹೊರಲು ಗಟ್ಟಿಯಾದ ಜಾಗ. ಬ್ಯಾಗಿನ ಬೆನ್ನು ನಿಮ್ಮದಕ್ಕಿಂತ ಉದ್ದವಾದರೆ ಸೊಂಟದ ಪಟ್ಟಿ ಜಾರಿ ಪೃಷ್ಠದ ಮೇಲೆ ಬರುತ್ತದೆ. ಗಿಡ್ಡವಾದರೆ ಹೊಟ್ಟೆಯನ್ನು ಹಿಂಡುತ್ತದೆ. ಎರಡರಲ್ಲೂ ಭಾರವೆಲ್ಲ ಹೆಗಲಿಗೆ ಬೀಳುತ್ತದೆ. ನಾಲ್ಕು ಗಂಟೆ ಹತ್ತಿದ ಮೇಲೆ ಕುತ್ತಿಗೆ ನೋವು ಶುರು. ಜನ ಆಗ "ನನಗೆ ಚಾರಣ ಆಗಿಬರಲ್ಲ" ಅಂತಾರೆ. ಆಗಿಬರದೇ ಇರೋದು ಬ್ಯಾಗು.

ಹಾಕಿಕೊಳ್ಳುವ ಕ್ರಮ ಕೂಡ ಇದೆ. ಮೊದಲು ಎಲ್ಲ ಪಟ್ಟಿ ಸಡಿಲ ಮಾಡಿ. ಸೊಂಟದ ಪಟ್ಟಿಯ ಮೆತ್ತೆಯ ಮಧ್ಯಭಾಗ ಸೊಂಟದ ಮೂಳೆಯ ಮೇಲಂಚಿಗೆ ಬರಲಿ, ಬಿಗಿ ಮಾಡಿ. ಆಮೇಲೆ ಹೆಗಲ ಪಟ್ಟಿ, ಅದು ಹೆಗಲನ್ನು ಸುತ್ತಿ ತಾಗಬೇಕೇ ಹೊರತು ಒತ್ತಬಾರದು. ದೊಡ್ಡ ಬ್ಯಾಗ್‌ಗಳಲ್ಲಿ ಹೆಗಲ ಮೇಲಿಂದ ಬ್ಯಾಗಿನ ತಲೆಗೆ ಹೋಗುವ ಸಣ್ಣ ಪಟ್ಟಿ ಇರುತ್ತದೆ, ಅದನ್ನು ಸ್ವಲ್ಪ ಎಳೆದರೆ ಬ್ಯಾಗ್ ಹಿಂದಕ್ಕೆ ಜಗ್ಗುವುದು ನಿಲ್ಲುತ್ತದೆ. ಎದೆಯ ಪಟ್ಟಿ ಕೊನೆಗೆ. ಹೆಂಗಸರಿಗೆಂದು ಮಾಡಿದ ಬ್ಯಾಗ್‌ಗಳಲ್ಲಿ ಹೆಗಲ ಪಟ್ಟಿಗಳು ಹತ್ತಿರ ಇರುತ್ತವೆ, ಎದೆಯ ಬದಿಯಲ್ಲಿ ಬಾಗಿರುತ್ತವೆ, ಸೊಂಟದ ಪಟ್ಟಿಯ ಕೋನವೂ ಬೇರೆ. ಬಣ್ಣ ಬದಲಿಸಿ 'ಲೇಡೀಸ್' ಅಂತ ಚೀಟಿ ಅಂಟಿಸಿದ ಬ್ಯಾಗೂ ಇರುತ್ತವೆ, ಹಾಕಿ ನೋಡಿದರೆ ಗೊತ್ತಾಗುತ್ತದೆ.

ಹಾಕಿ ನೋಡೋದು ಅಂದರೆ ಖಾಲಿ ಬ್ಯಾಗಲ್ಲ. ಖಾಲಿ ಇದ್ದಾಗ ಎಲ್ಲ ಬ್ಯಾಗೂ ಹಿತವಾಗಿಯೇ ಇರುತ್ತದೆ. ಕೆಲವು ಅಂಗಡಿಗಳಲ್ಲಿ ತುಂಬಿ ನೋಡಲು ಮರಳಿನ ಚೀಲ ಇಟ್ಟಿರುತ್ತಾರೆ. ಇಲ್ಲದಿದ್ದರೆ ಒಂದೊಂದು ಲೀಟರಿನ ಆರು ನೀರಿನ ಬಾಟಲಿ ಹಾಕಿ, ಸರಿಯಾಗಿ 6 ಕೆಜಿ ಆಯಿತು. ಅಂಗಡಿಯಲ್ಲೇ ಕಾಲು ಗಂಟೆ ಓಡಾಡಿ, ಮೆಟ್ಟಿಲು ಹತ್ತಿ ಇಳಿಯಿರಿ. ಸೇಲ್ಸ್‌ನವರು ನೋಡಿ ನಗಲಿ ಬಿಡಿ.

ನಿಮಗೆ ಎಷ್ಟು ದೊಡ್ಡದು ಬೇಕು?

ನಮ್ಮ ಕಡೆಯ ಚಾರಣಗಳಲ್ಲಿ ಒಂದು ವಿಶೇಷ ಇದೆ. ಹೆಸರುವಾಸಿ ಬೆಟ್ಟಗಳು ಹೆಚ್ಚಾಗಿ ವನ್ಯಧಾಮ, ರಾಷ್ಟ್ರೀಯ ಉದ್ಯಾನಗಳ ಒಳಗಿವೆ. 1,712 ಮೀಟರಿನ ಕುಮಾರಪರ್ವತ ಪುಷ್ಪಗಿರಿ ವನ್ಯಧಾಮದಲ್ಲಿದೆ. 1,894 ಮೀಟರಿನ ಕುದುರೆಮುಖ ಅದೇ ಹೆಸರಿನ ರಾಷ್ಟ್ರೀಯ ಉದ್ಯಾನದಲ್ಲಿದೆ. ಶಿಖರದ ಮೇಲೆ ಟೆಂಟ್ ಹಾಕಿ ರಾತ್ರಿ ಉಳಿಯಲು ಅರಣ್ಯ ಇಲಾಖೆ ಬಿಡುವುದಿಲ್ಲ. ಆನ್‌ಲೈನ್‌ನಲ್ಲಿ ಬುಕ್ ಮಾಡಿ, ಬೆಳಿಗ್ಗೆ ಹತ್ತಿ, ಸಂಜೆಯೊಳಗೆ ಇಳಿಯಬೇಕು. ಅಂದಮೇಲೆ ಟೆಂಟು, ಸ್ಲೀಪಿಂಗ್ ಬ್ಯಾಗು, ಒಲೆ ಯಾವುದೂ ಬೇಕಿಲ್ಲ. 45, 50 ಲೀಟರಿನ ಬ್ಯಾಗ್ ಹಿಮಾಲಯಕ್ಕೆ ಹೋಗುವವರಿಗೆ. ವರ್ಷಕ್ಕೊಮ್ಮೆ ನೀವೂ ಹೋಗಬಹುದು, ಆಗ ಬಾಡಿಗೆಗೆ ಸಿಗುತ್ತದೆ.

ಒಂದು ದಿನದ ಚಾರಣಕ್ಕೆ ತೂಕದ ಲೆಕ್ಕ ಹಾಕೋಣ. ನಿಮ್ಮ ಮೈತೂಕದ ಹತ್ತನೇ ಒಂದು ಭಾಗ, ಅಂದರೆ ಐದೂವರೆ ಕೆಜಿ ಆಸುಪಾಸು ಇದ್ದರೆ ಆರಾಮ. ರಾತ್ರಿ ತಂಗುವ ಚಾರಣಕ್ಕೆ ಐದನೇ ಒಂದು ಭಾಗದವರೆಗೆ ಹೋಗಬಹುದು ಅನ್ನೋದು ಚಾರಣಿಗರ ಅಂದಾಜು. ಮೂರು ಲೀಟರ್ ನೀರು ಅಂದರೆ 3 ಕೆಜಿ. ಖಾಲಿ ಬ್ಯಾಗ್ 1 ಕೆಜಿ ಒಳಗೆ. ಊಟ ತಿಂಡಿ ಮುಕ್ಕಾಲು ಕೆಜಿ. ಮಳೆ ಜಾಕೆಟ್, ಒಂದು ಜೊತೆ ಬಟ್ಟೆ, ತಲೆಗೆ ಕಟ್ಟುವ ಟಾರ್ಚು, ಔಷಧಿ ಸೇರಿ ಇನ್ನೊಂದೂವರೆ. ಒಟ್ಟು 6 ಕೆಜಿ ದಾಟುತ್ತದೆ, ಆದರೆ ನೀರು ಕುಡಿದಂತೆ ಇಳಿಯುತ್ತಾ ಬರುತ್ತದೆ. ಇದೆಲ್ಲ 28ರಿಂದ 32 ಲೀಟರಿನಲ್ಲಿ ಧಾರಾಳವಾಗಿ ಹಿಡಿಯುತ್ತದೆ. ದೊಡ್ಡ ಬ್ಯಾಗ್ ತಗೊಂಡರೆ ಖಾಲಿ ಜಾಗ ಕಂಡು ಕೈ ಸುಮ್ಮನಿರುವುದಿಲ್ಲ, ಇನ್ನೊಂದು ಬೆಡ್‌ಶೀಟ್ ತುರುಕುತ್ತೀರಿ.

ಲೀಟರ್ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ಕೆಲವು ಕಂಪನಿಗಳು ಹೊರಗಿನ ಜೇಬುಗಳನ್ನೂ ಸೇರಿಸಿ ಹೇಳುತ್ತವೆ, ಕೆಲವು ಸೇರಿಸುವುದಿಲ್ಲ. ಎರಡು 30 ಲೀಟರ್ ಬ್ಯಾಗ್ ಪಕ್ಕಪಕ್ಕ ಇಟ್ಟರೆ ಒಂದು ಸಣ್ಣದು ಕಾಣಿಸುವುದು ಇದಕ್ಕೇ.

ತುಂಬುವಾಗ ಭಾರದ ಸಾಮಾನು ಬೆನ್ನಿಗೆ ಅಂಟಿ, ಭುಜದ ಹಿಂಬದಿಯ ಮೂಳೆಗಳ ಮಟ್ಟಕ್ಕೆ ಬರಲಿ. ನೀರು ಅಲ್ಲಿಗೆ. ಹೊರಗಿನ ಜಾಲರಿ ಜೇಬಿಗೆ ಎರಡು ಲೀಟರ್ ಸಿಕ್ಕಿಸಿದರೆ ಇಳಿಜಾರಿನಲ್ಲಿ ಬ್ಯಾಗ್ ಹಿಂದಕ್ಕೆ ಎಳೆಯುತ್ತದೆ. ಕೊಳವೆ ಇರುವ ನೀರಿನ ಚೀಲ ನೋಡಲು ಚೆಂದ. ನಮ್ಮ ಮಲೆನಾಡಿನ ಹವೆಗೆ ಆ ಕೊಳವೆಯೊಳಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ, ತೊಳೆಯಲು ಸೋಮಾರಿತನ ಇರುವವರಿಗೆ ಬಾಟಲಿಯೇ ವಾಸಿ.

ಬಟ್ಟೆ, ಜಿಪ್, ಹೊಲಿಗೆ

ಬ್ಯಾಗಿನ ಮೇಲೆ 210ಡಿ, 600ಡಿ, 1000ಡಿ ಅಂತ ಬರೆದಿರುತ್ತದೆ. ಡಿ ಅಂದರೆ ಡೆನಿಯರ್. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಅದರ ಡೆನಿಯರ್. ಸಂಖ್ಯೆ ಹೆಚ್ಚಾದಷ್ಟು ನೂಲು ದಪ್ಪ, ಅಷ್ಟೇ. ಬಟ್ಟೆ ಒಳ್ಳೆಯದು ಅಂತ ಅದರಿಂದಲೇ ಹೇಳಲಾಗದು. ಒಂದೇ ದಪ್ಪದಲ್ಲಿ ಪಾಲಿಯೆಸ್ಟರ್‌ಗಿಂತ ನೈಲಾನ್ ಸವೆತ ಹೆಚ್ಚು ತಡೆಯುತ್ತದೆ. ಆದರೆ ಬಿಸಿಲಿಗೆ ಪಾಲಿಯೆಸ್ಟರ್ ಚೆನ್ನಾಗಿ ಬಾಳುತ್ತದೆ. ಸ್ಕೂಲ್ ಬ್ಯಾಗ್‌ಗಳಲ್ಲಿ ಸಾಮಾನ್ಯವಾಗಿ 600ಡಿ ಪಾಲಿಯೆಸ್ಟರ್ ಇರುತ್ತದೆ. ಚಾರಣಕ್ಕೆ 210ಡಿ ನೈಲಾನ್, ಚೌಕ ಚೌಕವಾಗಿ ದಪ್ಪ ನೂಲು ಹೆಣೆದದ್ದು ಸಾಕು. ಅದು ಹರಿದರೂ ಹರುಕು ಆ ಚೌಕದ ಹತ್ತಿರ ನಿಲ್ಲುತ್ತದೆ. ತಳಕ್ಕೆ ಮಾತ್ರ 420ಡಿ ಅಥವಾ ಇನ್ನೂ ದಪ್ಪ ಇದ್ದರೆ ಒಳ್ಳೆಯದು, ಕಲ್ಲಿನ ಮೇಲೆ ಕುಕ್ಕುವುದು ಅದನ್ನೇ.

ನಿಜ ಹೇಳಬೇಕೆಂದರೆ ಬಟ್ಟೆ ಹರಿದು ಮೂಲೆಗೆ ಸೇರುವ ಬ್ಯಾಗ್ ಕಡಿಮೆ. ರಿಪೇರಿಗೆ ಬರುವುದು ಮೂರೇ ಜಾಗ. ಹೆಗಲ ಪಟ್ಟಿ ಬ್ಯಾಗಿಗೆ ಸೇರುವ ಹೊಲಿಗೆ, ಜಿಪ್ಪಿನ ರನ್ನರ್, ಬಕಲ್. ಅಂಗಡಿಯಲ್ಲಿ ಅವನ್ನೇ ನೋಡಿ. ಹೆಗಲ ಪಟ್ಟಿಯ ಬುಡದಲ್ಲಿ ಹೊಲಿಗೆ ಒಂದೇ ಸಾಲಾ, ಅಥವಾ ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡಿದ್ದಾರಾ? ಬ್ಯಾಗ್ ಒಳಗೆ ಕೈ ಹಾಕಿ ಹೊಲಿಗೆಯ ಅಂಚು ಮುಟ್ಟಿ. ಅಂಚಿಗೆ ಪಟ್ಟಿ ಕಟ್ಟಿ ಮುಚ್ಚಿರಬೇಕು. ನೂಲು ಬಿಚ್ಚಿಕೊಂಡಿದ್ದರೆ ಆ ಬ್ಯಾಗ್ ಬೇಡ. ಜಿಪ್ಪಿಗೂ ನಂಬರ್ ಇದೆ, ರನ್ನರ್ ಹಿಂದೆ ಅಚ್ಚೊತ್ತಿರುತ್ತದೆ. ಜೇಬಿಗೆ 5 ಸಾಕು. ದೊಡ್ಡ ಬಾಯಿಗೆ 8 ಅಥವಾ 10 ಇರಲಿ. ಜಪಾನಿನ ವೈಕೆಕೆ ಜಿಪ್ ಇದ್ದರೆ ನನಗೆ ಸ್ವಲ್ಪ ನೆಮ್ಮದಿ, ಜಿಪ್ಪಿಗೆ ದುಡ್ಡು ಹಾಕಿದವರು ಉಳಿದದ್ದಕ್ಕೂ ಹಾಕಿರುತ್ತಾರೆ ಅನ್ನೋ ಲೆಕ್ಕ.

ನಿಮ್ಮ ಆಫೀಸ್ ಬ್ಯಾಗಿನ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಜಿಪ್ ಮುಚ್ಚಿದ ಮೇಲೂ ಹಿಂದೆ ಬಾಯಿ ಬಿಡುತ್ತಿದ್ದರೆ ಹಲ್ಲು ಕೆಟ್ಟಿಲ್ಲ, ರನ್ನರ್ ಸವೆದು ಅಗಲವಾಗಿದೆ ಅಷ್ಟೇ. ಬ್ಯಾಗ್ ರಿಪೇರಿಯವರು ಅದನ್ನು ತೆಗೆದು ಹೊಸದು ಹಾಕುತ್ತಾರೆ, ಹೊಸ ಬ್ಯಾಗಿನ ಬೆಲೆಗೆ ಹೋಲಿಸಿದರೆ ಪುಡಿಗಾಸು. ಹಲ್ಲೇ ಉದುರಿದ್ದರೆ ಇಡೀ ಜಿಪ್ ಬದಲಿಸಬೇಕು, ಅದೂ ಆಗುವ ಕೆಲಸವೇ. ಲ್ಯಾಪ್‌ಟಾಪ್ ಜೇಬನ್ನು ಒಮ್ಮೆ ಪರೀಕ್ಷೆ ಮಾಡಿ. ಅದರ ತಳ ಬ್ಯಾಗಿನ ತಳಕ್ಕಿಂತ ಎರಡು ಬೆರಳಾದರೂ ಮೇಲಿರಬೇಕು. ಇಲ್ಲದಿದ್ದರೆ ಬ್ಯಾಗ್ ನೆಲಕ್ಕೆ ಇಟ್ಟಾಗಲೆಲ್ಲ ಪೆಟ್ಟು ಲ್ಯಾಪ್‌ಟಾಪಿಗೆ. ಹಾಗಿಲ್ಲದಿದ್ದರೆ ಹಳೇ ಯೋಗ ಮ್ಯಾಟ್ ತುಂಡು ಮಡಿಸಿ ಕೆಳಗೆ ಹಾಕಿ. ಟಿಫನ್ ಬಾಕ್ಸ್ ಲ್ಯಾಪ್‌ಟಾಪ್ ಇರುವ ಖಾನೆಯಲ್ಲಿ ಬೇಡ. ಸಾರು ಚೆಲ್ಲಿದ ಕೀಬೋರ್ಡಿಗೆ ವಾರಂಟಿ ಸಿಗುವುದಿಲ್ಲ.

ಮಳೆ

ಇದನ್ನು ಮಲೆನಾಡಿನ ಲೆಕ್ಕದಲ್ಲೇ ಹೇಳಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಈ ಮಳೆಯಲ್ಲಿ 'ವಾಟರ್‌ಪ್ರೂಫ್' ಅಂತ ಬರೆದ ಬಟ್ಟೆಯ ಬ್ಯಾಗ್ ಒಂದು ಗಂಟೆ ತಡೆದರೆ ಹೆಚ್ಚು. ಬಟ್ಟೆ ನೀರು ಬಿಡದಿದ್ದರೂ ಹೊಲಿಗೆಯ ತೂತು, ಜಿಪ್ಪಿನ ಹಲ್ಲು ಬಿಡುತ್ತವೆ. ಬ್ಯಾಗಿನ ಜೊತೆ ಬರುವ ಮಳೆಯ ಹೊದಿಕೆ ಹೊರಗಡೆಯನ್ನು ಮಾತ್ರ ಮುಚ್ಚುತ್ತದೆ. ಕತ್ತಿನಿಂದ ಇಳಿದ ನೀರು ಬೆನ್ನು ಮತ್ತು ಬ್ಯಾಗಿನ ಮಧ್ಯೆ ಹರಿದು ಒಳಗೆ ಸೇರುತ್ತದೆ. ಗಾಳಿ ಬಂದರೆ ಹೊದಿಕೆ ಹಾರಿಯೂ ಹೋಗುತ್ತದೆ.

ಇದಕ್ಕೆ ಮದ್ದು ಅಗ್ಗದ್ದು. ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಳಿಬಿಡಿ, ಸಾಮಾನೆಲ್ಲ ಅದರೊಳಗೆ ಹಾಕಿ, ಬಾಯಿ ತಿರುಚಿ ಮಡಿಸಿ. ಯೂರಿಯಾ ಮೂಟೆಯ ಒಳಪದರ ನಿಮ್ಮೂರಲ್ಲಿ ಸಿಗುತ್ತದೆ, ಚೆನ್ನಾಗಿ ತೊಳೆದು ಒಣಗಿಸಿದರೆ ಅದಕ್ಕಿಂತ ಗಟ್ಟಿ ಚೀಲ ಬೇಡ. ಚೆಕ್‌ಪೋಸ್ಟ್‌ನಲ್ಲಿ ಪ್ಲಾಸ್ಟಿಕ್ ಬಗ್ಗೆ ಕೇಳಿದರೆ ತೋರಿಸಿ, ವಾಪಸ್ ತರುವುದಾಗಿ ಹೇಳಿ. ಹೊರಗಿನ ಹೊದಿಕೆ ಕೆಸರು ತಡೆಯಲು ಇದ್ದರೆ ಇರಲಿ. ಹಾಂ, ಉಂಬಳದ ಕಾಲದಲ್ಲಿ ಬ್ಯಾಗನ್ನು ನೆಲಕ್ಕೆ ಇಡಬೇಡಿ, ಕೊಂಬೆಗೆ ನೇತು ಹಾಕಿ. ಬೆನ್ನಿನ ಜಾಲರಿಯಲ್ಲಿ ಕೂತ ಉಂಬಳ ವೈಟ್‌ಫೀಲ್ಡಿನ ಮನೆವರೆಗೂ ಬರುತ್ತದೆ.

ಬ್ಯಾಗಿನ ಬಟ್ಟೆಯ ಒಳಮೈಗೆ ಬಳಿದಿರುವ ಪಾಲಿಯೂರಿಥೇನ್ ಪದರಕ್ಕೆ ತೇವ ಅಂದರೆ ಆಗುವುದಿಲ್ಲ. ಹವೆಯಲ್ಲಿರುವ ತೇವ ವರ್ಷಗಳ ಮೇಲೆ ಅದನ್ನು ಒಡೆಯುತ್ತದೆ. ಮೊದಲು ಅಂಟಂಟು, ಆಮೇಲೆ ಹುಳಿ ವಾಸನೆ, ಕೊನೆಗೆ ಬಿಳಿ ಹೊಟ್ಟಿನ ಥರ ಉದುರುತ್ತದೆ. ಆ ಪದರ ಹೋದ ಬ್ಯಾಗ್ ಹೊರಲು ಆಗುತ್ತದೆ, ನೀರು ತಡೆಯುವುದಿಲ್ಲ. ಕೊಡಗಿನ ಮನೆಯ ಅಟ್ಟದಲ್ಲಿ ಇಟ್ಟ ಬ್ಯಾಗಿಗೆ ಇದು ಬೇಗ ಆಗುತ್ತದೆ, ಹಾಗಾಗಿ ಊರಿನ ಬ್ಯಾಗನ್ನು ಅಟ್ಟಕ್ಕೆ ಏರಿಸಬೇಡಿ.

ಊರಿನ ತುರ್ತು ಬ್ಯಾಗ್

ಇಂಟರ್‌ನೆಟ್ಟಿನಲ್ಲಿ ಸಿಗುವ ತುರ್ತು ಬ್ಯಾಗಿನ ಪಟ್ಟಿಗಳನ್ನು ನೋಡಿದರೆ ನಗು ಬರುತ್ತದೆ. ಬೆಂಕಿ ಹಚ್ಚುವ ಕಡ್ಡಿ, ಮೀನಿನ ಗಾಳ, ಮಾರುದ್ದದ ಚಾಕು. ನಿಮ್ಮ ಅಪ್ಪ ಅಮ್ಮ ಕಾಡಿನಲ್ಲಿ ತಿಂಗಳು ಕಳೆಯಲು ಹೋಗುತ್ತಿಲ್ಲ. ಅವರು ಹೋಗುವುದು ನೆಂಟರ ಮನೆಗೆ ಅಥವಾ ಜಿಲ್ಲಾಡಳಿತ ಶಾಲೆಯಲ್ಲೋ ಕಲ್ಯಾಣ ಮಂಟಪದಲ್ಲೋ ತೆರೆಯುವ ಕಾಳಜಿ ಕೇಂದ್ರಕ್ಕೆ. ಅಲ್ಲಿ ಊಟ ಸಿಗುತ್ತದೆ, ಚಾಪೆ ಸಿಗುತ್ತದೆ. ಸಿಗದೇ ಇರೋದು ಅಮ್ಮನ ಬಿಪಿ ಮಾತ್ರೆ, ಅಪ್ಪನ ಕನ್ನಡಕ, ಬ್ಯಾಂಕ್ ಪಾಸ್‌ಬುಕ್, ಒಣ ಬಟ್ಟೆ. ಬ್ಯಾಗ್ ಅದಕ್ಕೆ.

ಒಂದು ದೊಡ್ಡ ಬ್ಯಾಗ್ ಬೇಡ, ಎರಡು ಸಣ್ಣವು ಮಾಡಿ, ಒಬ್ಬೊಬ್ಬರಿಗೆ ಒಂದು. ವಯಸ್ಸಾದವರು ಮಳೆಯಲ್ಲಿ, ಜಾರುವ ದಾರಿಯಲ್ಲಿ, ಒಂದು ಕೈಯಲ್ಲಿ ಕೋಲು ಹಿಡಿದು ಹೊರಬೇಕು. 4, 5 ಕೆಜಿ ಮೀರಿದರೆ ಅದನ್ನು ಬಿಟ್ಟೇ ಹೋಗುತ್ತಾರೆ. ಸೂಟ್‌ಕೇಸ್ ಬೇಡವೇ ಬೇಡ, ಕೈ ಖಾಲಿ ಇರಬೇಕು.

ಮಾತ್ರೆಗಳು ಎರಡು ವಾರಕ್ಕೆ ಆಗುವಷ್ಟು ಇರಲಿ, ಡಾಕ್ಟರ ಚೀಟಿಯ ಪ್ರತಿ ಜೊತೆಗೆ. ಹೊಸ ಮಾತ್ರೆ ತಂದಾಗ ಅದನ್ನು ಬ್ಯಾಗಿಗೆ ಹಾಕಿ, ಬ್ಯಾಗಿನಲ್ಲಿರುವುದನ್ನು ಮನೆ ಬಳಕೆಗೆ ತೆಗೆಯುವ ರೂಢಿ ಮಾಡಿಸಿ, ತಾರೀಖು ಮೀರುವುದಿಲ್ಲ. ಇನ್ಸುಲಿನ್ ತಗೊಳ್ಳುವವರಿದ್ದರೆ ಅದು ಫ್ರಿಜ್ಜಿನಲ್ಲೇ ಇರಬೇಕು, "ಫ್ರಿಜ್ಜಿನಿಂದ ಇನ್ಸುಲಿನ್" ಅಂತ ದೊಡ್ಡಕ್ಷರದ ಚೀಟಿ ಬ್ಯಾಗಿನ ಮೇಲೆ ಅಂಟಿಸಿ. ಓಆರ್‌ಎಸ್ ಪೊಟ್ಟಣ ನಾಲ್ಕೈದು ಇರಲಿ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಕಲಸಬೇಕು, ಅಂದಾಜು ಬೇಡ.

ನೀರಿನ ವಿಷಯದಲ್ಲಿ ಪುಸ್ತಕದ ಲೆಕ್ಕ ಒಬ್ಬರಿಗೆ ದಿನಕ್ಕೆ ಸುಮಾರು 3 ಲೀಟರ್. ಇಬ್ಬರಿಗೆ ಮೂರು ದಿನಕ್ಕೆ 18 ಕೆಜಿ, ಹೊರಲಾಗದು. ಕೊಡಗಿನ ಮಳೆಗಾಲದಲ್ಲಿ ನೀರಿಗೇನು ಬರವಿಲ್ಲ, ಕುಡಿಯುವಂಥದ್ದು ಸಿಗುವುದು ಕಷ್ಟ. ಒಬ್ಬೊಬ್ಬರಿಗೆ ಒಂದು ಲೀಟರ್ ಬಾಟಲಿ ಮತ್ತು ಕ್ಲೋರಿನ್ ಮಾತ್ರೆ ಇಡಿ. ನೀರು ಕೆಂಪಗಿದ್ದರೆ ಮೊದಲು ಪಂಚೆಯ ಬಟ್ಟೆಯಲ್ಲಿ ಸೋಸಿ ಆಮೇಲೆ ಮಾತ್ರೆ ಹಾಕಬೇಕು. ಕೆಸರಿದ್ದರೆ ಕ್ಲೋರಿನ್ ಕೆಲಸ ಸರಿಯಾಗಿ ಆಗುವುದಿಲ್ಲ.

ಕಾಗದ ಪತ್ರಕ್ಕೆ ಜನ ಜಾಸ್ತಿ ಹೆದರುತ್ತಾರೆ, ಅದರಲ್ಲಿ ಅರ್ಧ ಹೆದರಿಕೆ ಬೇಕಿಲ್ಲ. ಪಹಣಿ ರಾಜ್ಯದ ಭೂದಾಖಲೆ ವ್ಯವಸ್ಥೆ 'ಭೂಮಿ'ಯಲ್ಲಿ ಕಂಪ್ಯೂಟರಿಗೆ ಏರಿ ಎರಡು ದಶಕ ಆಯಿತು, ಹೊಸ ಪ್ರತಿ ಸಿಗುತ್ತದೆ. ನೋಂದಣಿಯಾದ ಕ್ರಯಪತ್ರದ ದೃಢೀಕೃತ ಪ್ರತಿ ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ಹುಷಾರಾಗಿರಬೇಕಾದ್ದು ನೋಂದಣಿಯಾಗದ ಹಳೇ ಕಾಗದಗಳ ಬಗ್ಗೆ. ಪರಿಹಾರದ ಅರ್ಜಿಗೆ ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ ಬೇಗ ಬೇಕಾಗುತ್ತವೆ. ಇವನ್ನೆಲ್ಲ ಗಟ್ಟಿ ಜಿಪ್‌ಲಾಕ್ ಕವರಿನಲ್ಲಿ ಹಾಕಿ, ಅದನ್ನು ಇನ್ನೊಂದು ಕವರಿನಲ್ಲಿಡಿ. ಹಳೇ ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಬಿಡಿಸಲು ಬರುವುದಿಲ್ಲ. ಎಲ್ಲದರ ಫೋಟೋ ನಿಮ್ಮ ಫೋನಿನಲ್ಲಿರಲಿ. ಡಿಜಿಲಾಕರ್ ಒಳ್ಳೆಯದೇ, ಆದರೆ ಕರೆಂಟು ಟವರು ಎರಡೂ ಹೋದ ದಿನ ಅದು ತೆರೆಯುವುದಿಲ್ಲ. ಹಾಗಾಗಿ ನೆರಳಚ್ಚು ಪ್ರತಿಯೂ ಬೇಕು. ಮನೆಯ ಒಳಗೆ ಹೊರಗೆ, ಪ್ರತಿ ಕೋಣೆಯ ಫೋಟೋ ಈಗಲೇ ತೆಗೆದಿಡಿ. ಹಾನಿ ತೋರಿಸುವಾಗ ಮೊದಲು ಹೇಗಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಇರುವುದಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಟಾರ್ಚು, ಅದರ ಸೆಲ್ ಹೊರಗೆ ತೆಗೆದು ಪ್ರತ್ಯೇಕ ಕವರಿನಲ್ಲಿ, ಒಳಗೇ ಬಿಟ್ಟರೆ ಸೋರಿ ಟಾರ್ಚು ಕೆಡುತ್ತದೆ. ಸೀಟಿ. ಬಟನ್ ಫೋನ್, ಒಂದು ಚಾರ್ಜಿಗೆ ದಿನಗಟ್ಟಲೆ ಬರುವಂಥದ್ದು. ಸೆಲ್ ಹಾಕುವ ಸಣ್ಣ ರೇಡಿಯೋ, ಆಕಾಶವಾಣಿ ಮಡಿಕೇರಿ ಕೇಳಲು. ಒಂದೊಂದು ಸ್ವೆಟರ್, ಒಂದು ಜೊತೆ ಬಟ್ಟೆ, ಮಳೆಕೋಟು. 100, 50ರ ನೋಟುಗಳಲ್ಲಿ ಸ್ವಲ್ಪ ದುಡ್ಡು, ಯುಪಿಐ ನೆಚ್ಚಿಕೊಂಡು ಕೂರುವಂತಿಲ್ಲ. ಕಾಗದದಲ್ಲಿ ಬರೆದ ಫೋನ್ ನಂಬರುಗಳು: ನಿಮ್ಮದು, ನೆಂಟರದು, ಪಂಚಾಯಿತಿಯದು, 112, ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿನ 1077. ಗಮ್‌ಬೂಟು ಬ್ಯಾಗಿನ ಪಕ್ಕದಲ್ಲಿ.

ಬ್ಯಾಗ್ ಮೇ ಕೊನೆಗೆ ತುಂಬಲಿ, ಹೊರಬಾಗಿಲ ಹತ್ತಿರ ಗೂಟಕ್ಕೆ ನೇತುಬೀಳಲಿ. ತುಲಾ ಸಂಕ್ರಮಣ ಕಳೆದು ಮಳೆ ಹಿಂದೆ ಸರಿದ ಮೇಲೆ ಬಿಚ್ಚಿ, ಬಿಸಿಲಿಗೆ ಹಾಕಿ, ಒಳಪದರ ಉದುರುತ್ತಿದೆಯಾ ನೋಡಿ. ಬ್ಯಾಗ್ ಯಾವಾಗ ಹೆಗಲೇರಬೇಕು ಅನ್ನೋದನ್ನೂ ಮೊದಲೇ ಮಾತಾಡಿಕೊಳ್ಳಿ. ಹವಾಮಾನ ಇಲಾಖೆ 24 ಗಂಟೆಯಲ್ಲಿ 204.5 ಮಿಲಿಮೀಟರ್ ಅಥವಾ ಹೆಚ್ಚು ಸುರಿದರೆ ಅದನ್ನು ಅತ್ಯಂತ ಭಾರೀ ಮಳೆ ಅನ್ನುತ್ತದೆ. ಆರೆಂಜ್ ಅಲರ್ಟ್ ಅಂದರೆ ಸಿದ್ಧರಾಗಿ, ರೆಡ್ ಅಂದರೆ ಕ್ರಮ ತಗೊಳ್ಳಿ ಅಂತ ಅರ್ಥ. ಆರೆಂಜ್ ಬಂದ ದಿನ ಬ್ಯಾಗ್ ಜೀಪಿನೊಳಗೆ ಹೋಗಲಿ. ರೆಡ್ ಬಂದರೆ ಸಂಜೆ ಬೆಳಕಿರುವಾಗಲೇ ನೆಂಟರ ಮನೆಗೆ ಹೊರಡಲಿ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದದ್ದು ಜನ ಮಲಗಿದ್ದ ಹೊತ್ತಿನಲ್ಲಿ. ಆ ಗಳಿಗೆಯಲ್ಲಿ ಯಾವ ಬ್ಯಾಗೂ ಉಪಯೋಗಕ್ಕೆ ಬರುವುದಿಲ್ಲ. ಅಂಗಳದಲ್ಲಿ ಬಿರುಕು ಕಂಡರೆ, ತೊರೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಮರ ಅಥವಾ ಕಂಬ ವಾಲಿದರೆ, ಕೈಗೆ ಸಿಗದ ಬ್ಯಾಗನ್ನು ಬಿಟ್ಟು ಹೊರಡಬೇಕು. ಅದನ್ನು ತರಲು ಯಾರೂ ಮತ್ತೆ ಒಳಗೆ ಹೋಗಬಾರದು. ಈ ಮಾತನ್ನು ಅಪ್ಪ ಅಮ್ಮನಿಗೆ ನೀವೇ ಹೇಳಿ, ಪಟ್ಟಿಯ ಜೊತೆ ವಾಟ್ಸಾಪಿನಲ್ಲಿ ಕಳಿಸಿ ಬಿಟ್ಟುಬಿಡಬೇಡಿ.

ಬೆಂಗಳೂರಿನಲ್ಲಿ ನಿಮಗೂ ಒಂದು ಪುಟ್ಟ ಪೌಚ್ ಸಾಕು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿ ಜನ ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದದ್ದು ನೆನಪಿರಬೇಕು ಅಲ್ವಾ? ಪವರ್ ಬ್ಯಾಂಕ್, ಕೇಬಲ್, ಬೆರಳುದ್ದದ ಟಾರ್ಚು, ಎರಡು ಓಆರ್‌ಎಸ್, ನಿಮ್ಮ ಮಾತ್ರೆ, ಪ್ಯಾಡು, ಚಿಲ್ಲರೆ ದುಡ್ಡು, ಕಡಲೆ ಚಿಕ್ಕಿ. ಪೌಚ್ ಒಂದೇ ಇರಲಿ. ವಾರದ ದಿನ ಆಫೀಸ್ ಬ್ಯಾಗಿನಲ್ಲಿರಲಿ, ಶನಿವಾರ ಚಾರಣದ ಬ್ಯಾಗಿಗೆ ಹಾರಲಿ. ಪವರ್ ಬ್ಯಾಂಕನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ.

ದುಡ್ಡಿನ ಹಂಚಿಕೆ ಹೀಗೆ ಮಾಡಿ. 3,500ರವರೆಗೆ ಚಾರಣದ ಬ್ಯಾಗಿಗೆ: 30 ಲೀಟರ್ ಆಸುಪಾಸು, ಮೆತ್ತೆ ಇರುವ ಸೊಂಟದ ಪಟ್ಟಿ, ಸರಿಸಬಹುದಾದ ಹೆಗಲ ಪಟ್ಟಿ, ತೂಕ 1 ಕೆಜಿಯ ಹತ್ತಿರ. ಡೆಕಾಥ್ಲಾನ್ ಮತ್ತು ನಮ್ಮ ಬೆಂಗಳೂರಿನದೇ ಆದ ವೈಲ್ಡ್‌ಕ್ರಾಫ್ಟ್ ಎರಡನ್ನೂ ಹಾಕಿ ನೋಡಿ. ಬೆನ್ನಿಗೆ ಕೂತದ್ದನ್ನು ತಗೊಳ್ಳಿ, ಸೇಲ್ ಇದ್ದದ್ದನ್ನಲ್ಲ. 500 ರೂಪಾಯಿ ಆಫೀಸ್ ಬ್ಯಾಗಿನ ರಿಪೇರಿಗೆ ತೆಗೆದಿಡಿ, ಉಳಿಯಬಹುದು. ಬಾಕಿ 2,000 ಊರಿನ ಬ್ಯಾಗ್‌ಗಳ ಒಳಗಿನ ಸಾಮಾನಿಗೆ. ಅಂಗಡಿಗೆ ಹೋಗುವ ಮೊದಲು ಬೆನ್ನಿನ ಅಳತೆ ಎಷ್ಟು ಬಂತು ಅಂತ ಬರೆದು ಕಳಿಸಿದರೆ ಯಾವ ಸೈಜು ಕೇಳಬೇಕು ಅಂತ ಹೇಳುತ್ತೇನೆ.